ಎರಡು ಪ್ಯಾನೆಲ್‌ನಷ್ಟು ಬಿಸಿಲು

"ಬಗ್ಗೋ ಪ್ಯಾನೆಲ್ ಬೇಡ ಯಜಮಾನ್ರೇ, ನನ್ನ ಮಾತು ಕೇಳಿ," ಎಂದು ಸೋಲಾರ್ ಅಂಗಡಿಯವನು ರಟ್ಟಿನಷ್ಟು ತೆಳ್ಳಗಿದ್ದ ಹಲಗೆಯನ್ನು ಗೋಡೆಗೆ ಒರಗಿಸಿದ. "ಹಗುರ ಇದೆ, ಅಂಟಿಸಿದ್ರೆ ಮುಗೀತು, ಎಲ್ಲಾ ಸರಿ. ಆದ್ರೆ ವ್ಯಾನಿನ ಟಾಪ್ ಕಾದ್ರೆ ಇದೂ ಕಾಯುತ್ತೆ. ಕಾದಷ್ಟೂ ಸೋಮಾರಿ ಆಗುತ್ತೆ. ಗಾಜಿನದ್ದು ಹಾಕಿ, ಕೆಳಗೆ ನಾಲ್ಕು ಬೆರಳಷ್ಟು ಗಾಳಿ ಆಡೋಕೆ ಬಿಡಿ."

ಮೀಟರಯ್ಯ ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟ. ಮೂವತ್ತೆರಡು ವರ್ಷ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದಿ ನಿವೃತ್ತನಾದವನಿಗೆ ಆ ಹೆಸರು ಇಟ್ಟಿದ್ದು ಬೀದಿಯ ಮಕ್ಕಳು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಚೀಟಿಯಲ್ಲಿ ಏಳು ದಿನದ ರೀಡಿಂಗ್ ಒಂದರ ಕೆಳಗೊಂದು ಅಚ್ಚು ಹಾಕಿದ ಹಾಗೆ ಕೂತಿತ್ತು.

"ದಿನಕ್ಕೆ ಒಂದೂವರೆ ಯೂನಿಟ್. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ," ಎಂದ.

"ಏನು ಓಡಿಸ್ತೀರ? ಫ್ರಿಜ್ಜಾ?"

"ನನ್ನ ಹೆಂಡತಿ ಉಸಿರು. ಆಕ್ಸಿಜನ್ ಯಂತ್ರ."

ಅಂಗಡಿಯವನ ಮುಖದ ಮೇಲಿದ್ದ ವ್ಯಾಪಾರದ ನಗೆ ಮೆಲ್ಲಗೆ ಜಾಗ ಖಾಲಿ ಮಾಡಿತು. ಚೀಟಿಯನ್ನು ಹತ್ತಿರ ಎಳೆದುಕೊಂಡು ಎರಡು ಸಲ ಓದಿದ. "ಇನ್ನೂರು ವಾಟಿನವು ಎರಡು ಹಾಕಿದ್ರೆ ಒಳ್ಳೇ ಬಿಸಿಲಿಗೆ ಒಂದು ಮುಕ್ಕಾಲು ಯೂನಿಟ್ ಬರುತ್ತೆ. ಹತ್ತಿರ ಹತ್ತಿರ ಆಯ್ತು. ಮೂರನೇದಕ್ಕೆ ಜಾಗ ಇಲ್ವಾ?"

"ಟಾಪಿನ ಮೇಲಿರೋ ಗಾಳಿ ಕಿಂಡಿ ಬಿಟ್ರೆ ಎರಡಕ್ಕೇ ಜಾಗ. ಮೂರನೇದನ್ನ ಡ್ರೈವರ್ ಮುಂದೆ ತೂಗುಹಾಕಬೇಕು."

"ಗಾಡಿ ಓಡ್ತಾ ಇರುವಾಗ ಇಂಜಿನ್ನಿಂದ ಚಾರ್ಜ್ ಆಗಲ್ವಾ?"

"ಅದು ತನ್ನ ದೀಪ ತಾನು ಉರಿಸಿಕೊಂಡ್ರೆ ಅದೇ ದೊಡ್ಡದು. ಅಲ್ಲದೆ ಅವಳು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಅಲುಗಾಟ ತಡೆಯಲ್ಲ. ನಿಂತು ನಿಂತು ಹೋಗ್ಬೇಕು."

"ಲೆಕ್ಕ ಸರಿ ಇದೆ ತಾನೆ? ನಾನು ಬಿಸಿಲು ಕೂಡಿಸಿ ಕೊಡೋಕಾಗಲ್ಲ."

"ಜೀವಮಾನವೆಲ್ಲ ಮಾಡಿದ್ದು ಇದೊಂದೇ ಕೆಲಸ ಮಾರಾಯ," ಎಂದ ಮೀಟರಯ್ಯ. ಆ ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು. ಇರಲಿ, ಮನುಷ್ಯನಿಗೆ ಅಷ್ಟಾದರೂ ಬೇಡವೇ?

ಹೋಗಬೇಕಾಗಿದ್ದದ್ದು ಹೆಂಡತಿಯ ಅಕ್ಕನ ಊರಿಗೆ. ತಾಯಿಯಿಲ್ಲದ ತಂಗಿಗೆ ತಲೆ ಬಾಚಿ, ಹೊಲಿಗೆ ಕಲಿಸಿ, ಬೈದು ಬೆಳೆಸಿದವಳು ಆ ಅಕ್ಕ. ಸೊಂಟ ಮುರಿದು ಎರಡು ವರ್ಷದಿಂದ ಹಾಸಿಗೆಯಲ್ಲಿದ್ದಳು. ಅವಳು ಬರುವ ಹಾಗಿಲ್ಲ. ತಂಗಿಗೋ ಶ್ವಾಸಕೋಶ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಬಂದು, ಮೂಗಿಗೆ ಕೊಳವೆ ಸಿಕ್ಕಿಸಿಕೊಳ್ಳದೆ ಅಡುಗೆಮನೆಯ ತನಕವೂ ನಡೆಯಲಾಗುತ್ತಿರಲಿಲ್ಲ. ನಡುವೆ ಆರು ದಿನದ ದಾರಿ. ಅದರಲ್ಲಿ ನಾಲ್ಕು ದಿನ ಬರೀ ಬೋಳು ಬಯಲು, ರಾತ್ರಿ ಉಳಿದು ಪ್ಲಗ್ ಚುಚ್ಚಲು ಒಂದು ಗೋಡೆಯೂ ಸಿಗದ ಜಾಗ. ಮುಂದಿನ ವರ್ಷ ಹೋಗೋಣ ಎನ್ನುವ ಧೈರ್ಯ ಇಬ್ಬರಲ್ಲಿ ಯಾರಿಗೂ ಇರಲಿಲ್ಲ. ಈಗ ಆಗದಿದ್ದರೆ ಅಕ್ಕ ತಂಗಿ ಇನ್ನು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ; ವಿಷಯ ಇಷ್ಟೇ.

ಡಾಕ್ಟರು ಮೊದಲು ತಲೆ ಅಲ್ಲಾಡಿಸಿದರು. ಆಮೇಲೆ, ಯಂತ್ರದ ತಿರುಗುಣಿಯನ್ನು ಹಗಲೂ ರಾತ್ರಿ ಎರಡನೇ ಅಂಕೆಯಲ್ಲೇ ಇಡುವುದಾದರೆ, ಒಂದು ಗಳಿಗೆಯೂ ನಿಲ್ಲಿಸದೆ ಇರುವುದಾದರೆ ಹೋಗಿ ಬನ್ನಿ ಎಂದರು. ಅಂದೇ ಮೀಟರಯ್ಯ ಪ್ಲಗ್ಗಿನ ಜೊತೆ ಸಿಕ್ಕಿಸುವ ಪುಟ್ಟ ಮೀಟರ್ ತಂದ. ಯಂತ್ರವಿದ್ದದ್ದು ಹೊಲಿಗೆ ಕೋಣೆಯಲ್ಲಿ, ಹೆಂಡತಿ ರಾತ್ರಿಯೂ ಒರಗಿ ಮಲಗುತ್ತಿದ್ದ ಕುರ್ಚಿಯ ಪಕ್ಕ. ಅಲ್ಲಿನ ಪ್ಲಗ್ ಸಡಿಲವಾಗಿತ್ತೆಂದು ವೈರನ್ನು ಬಾಗಿಲಿನ ಕೆಳಗಿಂದ ತೂರಿಸಿ ಹಜಾರದ ಗೋಡೆಗೆ ಮೀಟರ್ ಹಾಕಿದ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಕನ್ನಡಕ ಏರಿಸಿ ಓದಿ ಬರೆದುಕೊಂಡ. ಏಳು ದಿನವೂ ತಪ್ಪಿಸಲಿಲ್ಲ.

ಗಾಜಿನ ಪ್ಯಾನೆಲ್ ಎರಡನ್ನೂ ತಾನೇ ನಿಂತು ಕೂರಿಸಿದ. ಮೊಳೆಯ ತೂತಿಗೆಲ್ಲ ಅಂಟು ಮೆತ್ತಿ, ವೈರು ಇಳಿಸಿ, ಸೀಟಿನ ಕೆಳಗೆ ಸೂಟ್‌ಕೇಸಿನಂಥ ಬ್ಯಾಟರಿಗೆ ಸೇರಿಸಿದ. ಬ್ಯಾಟರಿಯ ಕಿಟಕಿಯಲ್ಲಿ ಅಂಕೆ ಏರತೊಡಗಿದಾಗ ಹೆಂಡತಿ ಬಾಗಿಲಲ್ಲಿ ನಿಂತು, "ಆಯ್ತಲ್ಲ, ನಿಮಗೆ ಇನ್ನೊಂದು ಮೀಟರ್ ಸಿಕ್ತು," ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದಳು.

ಹೊರಡುವ ಮುಂಚೆ ಒಂದು ದಿನ ಪೂರ್ತಿ ಅಂಗಳದಲ್ಲೇ ವ್ಯಾನಿನಲ್ಲಿ ಇದ್ದು ನೋಡೋಣವೆಂದ. ಅವಳು, "ಯಾಕೆ, ಲೆಕ್ಕ ಆಗಿದೆಯಲ್ಲ, ಹೊರಟೇಬಿಡೋಣ," ಎಂದಳು. ಅವನು ಕೇಳಲಿಲ್ಲ. ಕಿರಿದಾದ ವ್ಯಾನಿನಲ್ಲಿ ಯಂತ್ರವನ್ನು ತನ್ನ ದಿಂಬಿನ ಪಕ್ಕವೇ ಇಟ್ಟುಕೊಂಡು, ತಿರುಗುಣಿ ಎರಡರಲ್ಲಿದೆಯೆಂದು ನೋಡಿ ಮಲಗಿದ. ಸಂಜೆ ಬ್ಯಾಟರಿ ನೂರಕ್ಕೆ ನೂರಿತ್ತು. ಬೆಳಿಗ್ಗೆ ಅರವತ್ತಾದರೂ ಇರಬೇಕಿತ್ತು. ಆರೂವರೆಗೆ ಅದು ಕೀ ಕೀ ಎಂದು ಕಿರುಚಿ ಎಬ್ಬಿಸಿದಾಗ ಒಂಬತ್ತು ಇತ್ತು.

ಅವಳನ್ನು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿ, ಯಂತ್ರವನ್ನು ಮತ್ತೆ ಹಜಾರದ ಗೋಡೆಗೆ ಸಿಕ್ಕಿಸಿ, ಮೊದಲು ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಅಂದ. ಅವನು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, "ಬ್ಯಾಟರಿ ಸುಳ್ಳು ಹೇಳಲ್ಲ ಯಜಮಾನ್ರೇ. ನೀವು ಕೊಟ್ಟ ಅಂಕೇನ ಇನ್ನೊಂದ್ಸಲ ನೋಡಿ," ಎಂದ. ಮೀಟರಯ್ಯ ಸ್ಟೂಲು ಎಳೆದುಕೊಂಡು ಪುಟ್ಟ ಮೀಟರಿನ ಮುಂದೆ ಒಂದು ಗಂಟೆ ಕೂತ. ಚೀಟಿಯ ಲೆಕ್ಕಕ್ಕೆ ಹೆಚ್ಚುಕಡಿಮೆ ಎರಡರಷ್ಟು ಓಡಿತ್ತು. ಎದ್ದು, ಆ ವಾರ ಒಮ್ಮೆಯೂ ಮಾಡದ ಕೆಲಸ ಮಾಡಿದ: ವೈರು ಹಿಡಿದುಕೊಂಡೇ ಹೋಗಿ ಕೋಣೆಯ ಬಾಗಿಲು ತೆರೆದ.

ಅವಳ ಕೈ ತಿರುಗುಣಿಯ ಮೇಲಿತ್ತು. ಕರೆಂಟೂ ಉಸಿರೂ ಅರ್ಧವಾಗುವ ಒಂದಕ್ಕೆ ಇಳಿಸುವವಳಿದ್ದಳು. ಕೈ ಹಿಂದೆಗೆಯಲಿಲ್ಲ.

"ಏಳು ದಿನವೂನಾ?" ಎಂದ.

"ಏಳು ದಿನವೂ."

ಅವನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯನೊಬ್ಬ ಹೇಳಿಕೊಟ್ಟಿದ್ದ: ಮೀಟರ್ ನೋಡು, ಮನೆಯೊಳಗೆ ಇಣುಕಬೇಡ. ಅದನ್ನೇ ಕಣ್ಣಿಗೊತ್ತಿಕೊಂಡು ಬಾಳಿದ್ದ. ಅಯಸ್ಕಾಂತ ಇಟ್ಟು ಚಕ್ರ ನಿಲ್ಲಿಸಿದವರನ್ನು, ವೈರು ಅಡ್ಡದಾರಿ ಹಿಡಿಸಿದವರನ್ನು ಗೇಟಿನಲ್ಲೇ ನಿಂತು ಪತ್ತೆ ಹಚ್ಚಿದವನು. ಈ ಏಳು ದಿನ ಬಾಗಿಲಿನ ಆಚೆ ಹೆಂಡತಿ ಅರ್ಧ ಉಸಿರಿನಲ್ಲಿ ಕೂತಿದ್ದಳು, ಇವನು ಈಚೆ ನಿಂತು ಅದನ್ನೇ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದ.

"ಜೀವ ಹೋಗಿದ್ರೆ?"

"ಹೋಗಲಿಲ್ಲವಲ್ಲ. ಸ್ವಲ್ಪ ತಲೆ ಸುತ್ತುತ್ತೆ. ಉಗುರು ನೀಲಿ ಆಗುತ್ತೆ. ನೀವು ಊಟಕ್ಕೆ ಕರೆಯೋ ಹೊತ್ತಿಗೆ ಎರಡಕ್ಕೆ ಏರಿಸಿಬಿಡ್ತಿದ್ದೆ." ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಿದಳು. "ಎರಡರ ಲೆಕ್ಕ ಬಂದಿದ್ರೆ ನೀವು ಹೊರಡ್ತಿದ್ರಾ?"

ಅವನು ಸುಳ್ಳು ಹೇಳಲು ಬಾಯಿ ತೆರೆದ. ಬರಲಿಲ್ಲ. "ಇಲ್ಲ," ಎಂದ.

"ಮತ್ತೆ ನಾನೇನು ಮಾಡ್ಬೇಕಿತ್ತು, ನೀವೇ ಹೇಳಿ."

ಅವನು ಅಂಗಳಕ್ಕೆ ಹೋಗಿ, ಏಣಿ ಹತ್ತಿ, ಟಾಪನ್ನು ಮತ್ತೆ ಅಳೆದ. ಗಾಳಿ ಕಿಂಡಿ ಕಿತ್ತು ಹಾಕಿದರೂ ಮೂರನೆಯದು ಒಂದು ಗೇಣು ಹೊರಗೆ ಚಾಚುತ್ತಿತ್ತು, ಬೇಕಾಗಿದ್ದದ್ದೋ ನಾಲ್ಕು. ಟೇಪನ್ನು ಉದ್ದಕ್ಕೆ ಹಿಡಿದ, ಅಡ್ಡಕ್ಕೆ ಹಿಡಿದ, ಮೂಲೆಯಿಂದ ಮೂಲೆಗೆ ಹಿಡಿದ. ತಗಡು ಎಷ್ಟಿತ್ತೋ ಅಷ್ಟೇ ಇತ್ತು. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಊರಿಗೆಲ್ಲ ಸಾಕಾಗಿ ಮಿಗುವಷ್ಟು ಬಿಸಿಲು ಸುಮ್ಮನೆ ಬೀದಿಯ ಮೇಲೆ ಸುರಿದು ಹೋಗುತ್ತಿತ್ತು. ಅದನ್ನು ಕಂಡು ಅವನಿಗೆ ಅಳು ಬಂತು. ಅಲ್ಲೇ ಟಾಪಿನ ಮೇಲೆ ಕೂತು, ಎದುರು ಮನೆಯವರು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಅತ್ತ.

ಇಳಿದು ಬಂದಾಗ ಹೆಂಡತಿ ಫೋನಿನಲ್ಲಿದ್ದಳು. ಅಕ್ಕ ದಿನಾ ಆ ಹೊತ್ತಿಗೆ ಮಾಡುತ್ತಿದ್ದಳು. ಯಂತ್ರ ಎರಡರಲ್ಲಿ ಓಡುತ್ತಿತ್ತು. ಅವಳು ಫೋನನ್ನು ಅವನ ಕಡೆ ಚಾಚಿದಳು. ಹೇಳುವ ಕೆಲಸ ಅವನಿಗೇ ಬಿಟ್ಟಿದ್ದಳು; ಏನು ಹೇಳಿದರೂ ಒಪ್ಪುವವಳ ಹಾಗೆ ಕಣ್ಣು ಮುಚ್ಚಿಕೊಂಡಳು.

"ಏನಪ್ಪಾ, ಬಿಸಿಲು ಸಾಲುತ್ತಂತಾ?" ಎಂದಿತು ಅಕ್ಕನ ಧ್ವನಿ.

ಅವನು ಹೆಂಡತಿಯ ಉಗುರುಗಳನ್ನು ನೋಡಿದ. ಒಂದರಲ್ಲೇ ಹೊರಟರೆ ದಾರಿಯುದ್ದಕ್ಕೂ ಅವು ಮತ್ತೆ ನೀಲಿಯಾಗುತ್ತವೆ. ಈ ತನಕ ಒಂದೇ ಒಂದು ತಪ್ಪು ರೀಡಿಂಗ್ ಕೊಟ್ಟವನಲ್ಲ.

"ಸಾಲುತ್ತೆ ಅಕ್ಕ, ಹೊರಡ್ತೀವಿ," ಎಂದ.

ಅತ್ತ ಅಕ್ಕ ಗಡಿಬಿಡಿಯಿಂದ ಮಾತಿಗೆ ಶುರುಮಾಡಿದಳು. ತನ್ನ ಕೋಣೆಯಲ್ಲೇ ಅವಳಿಗೂ ಮಂಚ ಹಾಕಿಸುತ್ತೇನೆ, ಎದುರುಬದುರು ಮಲಗುತ್ತೇವೆ, ಕಿಟಕಿ ಪಕ್ಕ ಹಾಕಿಸಲೋ, ಬಾಗಿಲ ಪಕ್ಕವೋ, ಅವಳಿಗೆ ಚಿಕ್ಕಂದಿನಿಂದ ಕಿಟಕಿ ಎಂದರೆ ಆಸೆ ಎಂದಳು.

"ಪ್ಲಗ್ ಯಾವ ಗೋಡೇಲಿದೆ ಅಕ್ಕ?" ಎಂದು ಕೇಳಿದ ಅವನು. "ಆ ಪಕ್ಕ ಹಾಕ್ಸಿ."