ಮೊದಲು ಕಿವಿ, ಆಮೇಲೆ ಪಾನಾ

ಅಕ್ಕನ ಕಾರು ಇನ್ನೂ ಬೀದಿಯ ತಿರುವಿನಲ್ಲಿತ್ತು, ಅಷ್ಟರಲ್ಲೇ ಮೇಸ್ತ್ರಿಗೆ ಗೊತ್ತಾಯಿತು. ಗರಗರ ಗರಗರ, ಕಬ್ಬಿಣವನ್ನು ಕಬ್ಬಿಣ ತಿನ್ನುವ ಸದ್ದು. ಅದನ್ನು ಹಿಡಿಯಲು ಕಿವಿಯೇ ಬೇಕಿರಲಿಲ್ಲ, ಹಲ್ಲು ಜುಮ್ಮೆಂದರೆ ಸಾಕಿತ್ತು. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಕಾರಿನ ಬಾಗಿಲೊಂದರ ಸೊಟ್ಟ ತಟ್ಟುತ್ತಿದ್ದ ಟಿಂಕರ್ ಸುತ್ತಿಗೆ ಕೆಳಗಿಟ್ಟು, ನಿಮ್ಮಕ್ಕ ಕಾರು ಬಿಟ್ಟು ಬೀಸೋಕಲ್ಲು ಓಡಿಸಿಕೊಂಡು ಬರ್ತಿದಾರೆ ಎಂದ.

ಮೇಸ್ತ್ರಿ ನಗಲಿಲ್ಲ. ಮೂರು ವಾರದ ಹಿಂದೆ ಇದೇ ಕಾರು ಇದೇ ಜಾಗದಲ್ಲಿ ನಿಂತಿತ್ತು. ಬ್ರೇಕ್ ಒತ್ತಿದಾಗ ಕೀ ಅನ್ನುತ್ತೆ ಎಂದು ಅಕ್ಕ ಹೇಳಿದ್ದಳು. ಆವತ್ತು ಅವನು ತನ್ನ ಪೂಜೆಯನ್ನೆಲ್ಲ ಮಾಡಿದ್ದ: ರೇಡಿಯೋ ಆರಿಸಿದ್ದ, ಟಿಂಕರನ ಸುತ್ತಿಗೆ ನಿಲ್ಲಿಸಿದ್ದ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ಅಕ್ಕನಿಂದ ಬೀದಿಯಲ್ಲಿ ನಾಲ್ಕು ಸುತ್ತು ಹೊಡೆಸಿದ್ದ. ಮೊದಲು ಕಿವಿ, ಆಮೇಲೆ ಪಾನಾ. ಈ ಶೆಡ್ಡಿನ ಶಾಸನವೇ ಅದು. ಕಿವಿ ತೀರ್ಪು ಕೊಡುವ ಮುನ್ನ ಒಂದು ನಟ್ಟನ್ನೂ ಸಡಿಲಿಸುವಂತಿಲ್ಲ. ಬೇರೆ ಗ್ಯಾರೇಜಿನವರು ಕೂಡ ಕೈಗೆ ಸಿಗದ ಸದ್ದುಗಳನ್ನು ಅವನ ಬಳಿಗೆ ತರುತ್ತಿದ್ದದ್ದು, ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದದ್ದು ಅದಕ್ಕೇ.

ಆವತ್ತು ಅವನಿಗೆ ಏನೂ ಕೇಳಿಸಲಿಲ್ಲ. ಏನೂ ಇಲ್ಲ, ಸದ್ದು ನಿನ್ನ ಕಿವಿಯಲ್ಲೇ ಇರಬೇಕು ಎಂದು ಹೇಳಿ ಕಳಿಸಿದ್ದ. ಟಿಂಕರ್ ನಕ್ಕಿದ್ದ. ಅಕ್ಕನೂ ನಕ್ಕಿದ್ದಳು.

ಆದರೆ ಅವನಿಗೆ ಒಳಗೊಳಗೇ ಗೊತ್ತಿತ್ತು. ಎರಡು ವರ್ಷದಿಂದ ಸಣ್ಣ ಸದ್ದುಗಳು ಒಂದೊಂದಾಗಿ ಅವನ ಮನೆ ಬಿಟ್ಟು ಹೋಗುತ್ತಿದ್ದವು. ಫ್ರಿಜ್ಜಿನ ಬಾಗಿಲು ತೆರೆದೇ ಇದೆ, ಆಗಿನಿಂದ ಕೂಗ್ತಾ ಇದೆ ಎಂದು ಹೆಂಡತಿ ಬೈದರೆ, ಅದರ ಬಜರ್ ಕೆಟ್ಟಿದೆ ಎಂದು ವಾದಿಸಿದ್ದ. ಬಜರ್ ಬಿಚ್ಚಿ ರಿಪೇರಿಯನ್ನೂ ಮಾಡಿದ್ದ.

ಈಗ ಅವನು ಕಣ್ಣು ಮುಚ್ಚಿ ಕೂರಲಿಲ್ಲ. ನೇರ ಜಾಕಿ ಕೊಟ್ಟು ಮುಂದಿನ ಎಡಚಕ್ರ ಕಳಚಿದ. ಒಳಗಿನ ಬ್ರೇಕ್ ಪ್ಯಾಡು ಸವೆದು ಸವೆದು ಬರೀ ತಗಡು ಉಳಿದಿತ್ತು. ಆ ತಗಡು ಡಿಸ್ಕನ್ನು ಉತ್ತು ಸಾಲು ತೆಗೆದಿತ್ತು. ಪ್ಯಾಡಿನ ಅಂಚಿಗೆ ಉಗುರಿನಷ್ಟು ಅಗಲದ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಪ್ಯಾಡು ಮುಗಿಯುತ್ತ ಬಂದಾಗ ಡಿಸ್ಕಿಗೆ ತಾಗಿ ಚೀರುವುದೇ ಅದರ ಕೆಲಸ. ಅದು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೂರು ವಾರ ಬಾಯಿ ಬಡಿದುಕೊಂಡಿತ್ತು, ಪಾಪ.

ಅಕ್ಕ ಸ್ಟೂಲಿನ ಮೇಲೆ ಕೂತು ಮಾತಾಡುತ್ತಲೇ ಇದ್ದಳು. ಲ್ಯಾಬಿಗೆ ರಕ್ತದ ಸ್ಯಾಂಪಲ್ ಸಾಗಿಸುವುದು ಅವಳ ಕೆಲಸ. ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಮುಂದೆ ಬ್ರೇಕ್ ಒತ್ತಿದರೆ ಕಾರು ನಿಲ್ಲದೆ ಜಾರಿ, ಗಾಲಿಕುರ್ಚಿಯಲ್ಲಿದ್ದ ಅಜ್ಜನೊಬ್ಬನ ಮೊಣಕಾಲಿಗೆ ಗೇಣುದೂರದಲ್ಲಿ ನಿಂತಿತಂತೆ. ಅಜ್ಜ ಬೈಯಲೂ ಇಲ್ಲವಂತೆ, ಬಂಪರನ್ನೇ ನೋಡುತ್ತ ಕೂತಿದ್ದನಂತೆ. ಆಮೇಲೆ, ತಮಾಷೆಯೆಂಬಂತೆ, ಇನ್ನೊಂದು ಮಾತು ಹೇಳಿದಳು.

"ನೀನು ಹಾಗಂದ ಮೇಲೆ ನಾನು ಕಿವಿ ಡಾಕ್ಟರ ಹತ್ರ ಹೋಗಿದ್ದೆ ಕಣೋ. ಗಾಜಿನ ಗೂಡಲ್ಲಿ ಕೂರಿಸಿ ಏನೇನೋ ಕೇಳಿಸಿದ್ರು. ಎಲ್ಲ ಸರಿಯಿದೆ ಅಂದ್ರು. ಹಾಗಾದ್ರೆ ತಲೇನೇ ಕೆಟ್ಟಿರಬೇಕು ಅಂತ ಮೂರು ರಾತ್ರಿ ನಿದ್ದೆ ಬರಲಿಲ್ಲ."

ಮೇಸ್ತ್ರಿ ತಲೆಯನ್ನು ಚಕ್ರದ ಗೂಡಿನೊಳಗೆ ಇನ್ನಷ್ಟು ತೂರಿಸಿದ. ಕಿವಿಯ ತುದಿ ಬಿಸಿಯಾಗಿತ್ತು. ಟಿಂಕರನೇ ಅವನ ನೆರವಿಗೆ ಬಂದ: ಪ್ಯಾಡು ಡೂಪ್ಲಿಕೇಟ್ ಇರಬೇಕು, ಅಂಥವು ಒಂದೇ ವಾರದಲ್ಲಿ ಕರಗಿ ಹೋಗ್ತವೆ.

"ಇರಬಹುದು" ಎಂದ ಮೇಸ್ತ್ರಿ. ಆ ಪ್ಯಾಡನ್ನು ಹಿಂದೆ ಪೊಟ್ಟಣ ಬಿಚ್ಚಿ ಕೂರಿಸಿದ್ದು ಮೇಸ್ತ್ರಿಯೇ. ಅಪ್ಪಟ ಕಂಪನಿ ಮಾಲು.

ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು. ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರ್ ಸರಿದಾಡಬೇಕಾದ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಳಗಿನ ಪ್ಯಾಡೊಂದೇ ಸವೆಯಲು ಅದೇ ಕಾರಣ. ಉಜ್ಜಿ ಗ್ರೀಸ್ ಹಚ್ಚಿದ. ಎರಡೂ ಬದಿಗೆ ಹೊಸ ಡಿಸ್ಕು, ಹೊಸ ಪ್ಯಾಡು ಕೂರಿಸಿದ. ಹೊಸ ಡಿಸ್ಕಿಗೆ ಜಾಗ ಮಾಡಲು ಅದರ ಹಿಂದೆ ದೂಳು ತಡೆಯಲು ಇರುವ ತೆಳು ತಗಡನ್ನು ಕೊಂಚ ಹಿಂದಕ್ಕೆ ಒತ್ತಿದ. ಪೆಡಲು ಗಟ್ಟಿಯಾಗುವ ತನಕ ತುಳಿದ. ಅಕ್ಕನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತ.

ಗರಗರ ಹೋಗಿತ್ತು. ಕಾರು ಹೇಳಿದ ಕಡೆ ನಿಂತಿತು. ಎರಡನೆಯ ಸುತ್ತಿನಲ್ಲಿ, ಎಡಕ್ಕೆ ತಿರುಗುವಾಗ, ಅಕ್ಕ ತಲೆ ಓರೆ ಮಾಡಿದಳು.

"ಸಣ್ಣಗೆ ಏನೋ ಕೇಳ್ತು..." ಎಂದವಳು ಅವನ ಮುಖ ನೋಡಿದಳು. "ಇಲ್ಲ ಬಿಡು. ನನ್ನ ಭ್ರಮೆ."

ಏನೂ ಇಲ್ಲ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಮೂರು ವಾರದ ಹಿಂದೆಯೂ ಅದು ಇಷ್ಟೇ ಸಲೀಸಾಗಿ ಬಂದಿತ್ತು.

"ನಿಲ್ಲಿಸು ಅಕ್ಕ. ಭ್ರಮೆ ಅಲ್ಲ. ನನಗೆ ಕೇಳಿಸಲ್ಲ."

"ನನಗೂ ಈಗ ಕೇಳ್ತಿಲ್ಲ, ತಿರುಗುವಾಗ ಮಾತ್ರ."

"ಹಾಗಲ್ಲ. ಸಣ್ಣ ಸದ್ದು ಯಾವುದೂ ಕೇಳಿಸಲ್ಲ ನನಗೆ. ಎರಡು ವರ್ಷ ಆಯ್ತು. ಆವತ್ತು ನೀನು ಹೇಳಿದ್ದು ಸರಿ ಇತ್ತು. ಪ್ಯಾಡೂ ಡೂಪ್ಲಿಕೇಟ್ ಅಲ್ಲ."

ಅಕ್ಕ ಎಂಜಿನ್ ಆರಿಸಿದಳು. ಸಮಾಧಾನದ ಮಾತಿಗಾಗಿ ಅವನು ಕಾದ. ಹಾಗೆ ಕಾದದ್ದಕ್ಕೂ ನಾಚಿಕೆಯಾಯಿತು.

"ಆ ಅಜ್ಜನ ಮೊಣಕಾಲಿಗೆ ಇಷ್ಟೇ ಇಷ್ಟು ಇತ್ತು ಕಣೋ" ಎಂದು ಅವಳು ಬೆರಳಗಲಿಸಿ ತೋರಿಸಿದಳು. ಕೈಯನ್ನು ಅವನ ಮುಖದೆದುರು ಬಹಳ ಹೊತ್ತು ಹಾಗೇ ಹಿಡಿದಿದ್ದಳು.

ಶೆಡ್ಡಿಗೆ ಮರಳಿ ಮತ್ತೆ ಜಾಕಿ ಕೊಟ್ಟ. ತಾನು ಒತ್ತಿದ್ದ ಆ ದೂಳಿನ ತಗಡೇ ಎಲ್ಲೋ ಒಂದು ಕಡೆ ಡಿಸ್ಕಿಗೆ ತಾಗುತ್ತಿರಬೇಕು. ಎಲ್ಲಿ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಯಾಕೆ ಮತ್ತೆ ಬಿಚ್ತಿದೀರಿ ಎಂದು ಟಿಂಕರ್ ಕೇಳಿದ. ನನಗೆ ಕೇಳಿಸಲ್ಲ, ಅಕ್ಕ ಹೇಳ್ತಾಳೆ ಎಂದು ಮೇಸ್ತ್ರಿ ಅವನೆದುರೇ ಹೇಳಿದ. ಟಿಂಕರ್ ಸುತ್ತಿಗೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟ.

ಮೇಸ್ತ್ರಿ ಡಿಸ್ಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

"ಇಲ್ಲಿ" ಎಂದಳು.

ತಗಡನ್ನು ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ತಿರುಗಿಸಿದ.

"ಇನ್ನೂ ಇದೆ. ಸ್ವಲ್ಪ ಕೆಳಗೆ. ಅಲ್ಲಲ್ಲ, ನಿನ್ನ ಹೆಬ್ಬೆರಳಿನ ಹತ್ರ."

ಅವನು ಅವಳು ಹೇಳಿದ ಕಡೆ ಬೆರಳಿಟ್ಟ.