ಸಾವಿರದಾಚೆಯ ನಂಬರುಗಳು

ಮಗುವಿಗೆ ಯಾವಾಗ ಲಸಿಕೆ ಹಾಕಿಸಬೇಕು, ಏನು ತಿನ್ನಿಸಬೇಕು ಎಂದು ತಾಯಂದಿರ ಮೊಬೈಲಿಗೆ ತಿಂಗಳಿಗೊಮ್ಮೆ ಸಂದೇಶ ಕಳಿಸುವ ಸಂಸ್ಥೆಯೊಂದು ಇಳಕಲ್ಲಿನಲ್ಲಿತ್ತು. ಅಲ್ಲಿನ ಕಂಪ್ಯೂಟರ್ ಕೆಲಸ ನಾಹಿದಾಳದು. ಒಂದು ಮಧ್ಯಾಹ್ನ ಗುಡೂರಿನಿಂದ ಸುನಂದಾ ಎಂಬಾಕೆ ಬಂದು, ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟಳು. ‘ನಿಮ್ಮ ನೀಲಾಂಬಿಕಾಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಲಸಿಕೆ ಹಾಕಿಸಿ’ ಎಂದಿತ್ತು.

ಕೂಸು ತೀರಿಕೊಂಡು ಐದು ತಿಂಗಳಾಗಿತ್ತು. ಆಶಾ ಕಾರ್ಯಕರ್ತೆ ಆಗಲೇ ಸಂಸ್ಥೆಗೆ ತಿಳಿಸಿದ್ದಳಂತೆ.

ನಾಹಿದಾ ಗಾಬರಿಯಿಂದ ಪಟ್ಟಿ ತೆರೆದಳು. ಸಂದೇಶ ನಿಲ್ಲಿಸಬೇಕಾದ ನಂಬರುಗಳು ಸಾವಿರದ ಇನ್ನೂರ ಮೂವತ್ತಾರು. ಸುನಂದಾಳದು ಸಾವಿರದ ನೂರ ಎಂಟನೆಯದು. ಪ್ರತಿ ತಿಂಗಳೂ ನಾಹಿದಾ ಈ ಇಡೀ ಪಟ್ಟಿಯನ್ನು ತಾಯಂದಿರ ದಾಖಲೆಯಲ್ಲಿ ಒಮ್ಮೆಲೇ ಹುಡುಕಲು ಹಾಕಿ, ಸಿಕ್ಕ ನಂಬರುಗಳಿಗೆ ಸಂದೇಶ ನಿಲ್ಲಿಸುತ್ತಿದ್ದಳು. ಸಿಕ್ಕವು ಎಷ್ಟು ಎಂದು ಈಗ ನೋಡಿದರೆ, ಸರಿಯಾಗಿ ಒಂದು ಸಾವಿರ. ಕಂಪ್ಯೂಟರು ಅಷ್ಟನ್ನೇ ಹುಡುಕಿ, ಉಳಿದವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು.

“ತಪ್ಪು ನಂದ ಐತ್ರಿ ಅಕ್ಕಾರ. ಒಮ್ಮಿನೂ ಎಣಿಸಿ ನೋಡ್ಲಿಲ್ಲ ನಾ,” ಎಂದಳು.

ಸುನಂದಾಳಿಗೆ ಕುರ್ಚಿ ಕೊಟ್ಟು, ಪಟ್ಟಿಯನ್ನು ಐದೈದು ನೂರರಂತೆ ಒಡೆದಳು. ಮೊದಲ ಐದುನೂರು ಹುಡುಕಿಸಿದಳು, ಆಮೇಲೆ ಇನ್ನೈದುನೂರು. ಉಳಿದ ಇನ್ನೂರ ಮೂವತ್ತಾರನ್ನು ಹಾಕಿದಾಗ ಪರದೆಯ ಮೇಲೆ ನೀಲಾಂಬಿಕಾಳ ಹೆಸರು ಬಂತು. ಸುನಂದಾ ಎದ್ದು ಬಂದು ಅದನ್ನೇ ನೋಡುತ್ತ ನಿಂತಳು.

“ನಿಲ್ಲಿಸಿದ್ರ ಆಕಿ ಹೆಸರೂ ಅಳಿಸಿ ಹೋಗ್ತೈತೇನ್ರಿ?”

ಬಟನ್ ಒತ್ತಲು ಹೋದ ನಾಹಿದಾ ಕೈ ಹಿಂದೆಗೆದಳು. “ಇಲ್ರಿ. ಮೆಸೇಜ್ ಅಷ್ಟ ನಿಲ್ತೈತಿ. ಹೆಸರು ಇಲ್ಲೇ ಇರ್ತೈತಿ.”

“ಹಂಗಾರ ನಿಲ್ಲಸ್ರಿ.”

ತನಗೆ ನೋವಾದೀತೆಂದು ಮನೆಯಲ್ಲಿ ಯಾರೂ ಆ ಹೆಸರು ಎತ್ತುವುದಿಲ್ಲ ಎಂದಳು ಸುನಂದಾ. ಸಂದೇಶ ಬಂದಾಗಲೆಲ್ಲ ಎದೆ ಝಲ್ಲೆನ್ನುತ್ತಿತ್ತು. ಆದರೂ ಒಂದನ್ನೂ ಅಳಿಸಿರಲಿಲ್ಲ.

ಹೀಗೆ ಬಿಟ್ಟುಹೋಗಿದ್ದ ಉಳಿದವರಲ್ಲಿ ಕೆಲವರು ಊರು ಬಿಟ್ಟವರು, ಕೆಲವರು ಸುನಂದಾಳಂಥವರು. ಎಲ್ಲರಿಗೂ ತಾನೇ ಫೋನ್ ಮಾಡಿ ಕ್ಷಮೆ ಕೇಳುವುದಾಗಿ ನಾಹಿದಾ ಹೇಳಿದಳು. ಹಾಗಾದರೆ ಕೂಸಿನ ಹೆಸರು ಹಿಡಿದೇ ಮಾತಾಡಿ ಎಂದು ಸುನಂದಾ ಹೇಳಿಕೊಟ್ಟಳು.

ಸಂಜೆ ಅವಳನ್ನು ಕಳಿಸಲು ನಾಹಿದಾ ಬಸ್ ನಿಲ್ದಾಣದವರೆಗೆ ಹೋದಳು. ಬೆಂಚಿನ ಮೇಲೆ ಕೂತು, ಸ್ವಲ್ಪ ಹಿಂಜರಿಯುತ್ತ, “ನೀಲಾಂಬಿಕಾ ಹ್ಯಾಂಗಿದ್ಲರಿ?” ಎಂದು ಕೇಳಿದಳು.

ಸುನಂದಾ ಹೇಳತೊಡಗಿದಳು. ಎಡಗೆನ್ನೆಯಲ್ಲಷ್ಟೇ ಗುಳಿ ಬೀಳುತ್ತಿತ್ತಂತೆ. ಅಪ್ಪ ಸೀನಿದರೆ ನಗುತ್ತಿತ್ತಂತೆ. ಗುಡೂರಿನ ಬಸ್ಸು ಬಂದು ನಿಂತು, ತುಂಬಿಕೊಂಡು ಹೊರಟಿತು. ಇಬ್ಬರೂ ಏಳಲಿಲ್ಲ.