ಬಸ್ಸಿನಲ್ಲಿ ಹೆಚ್ಚಿದ ಬಳೆಗಳು

ಮಾನ್ವಿಯಲ್ಲಿ ಬಸ್ಸು ಹತ್ತಿದ ಇಪ್ಪತ್ತು ಡಜನ್ ಬಳೆ ದೇವದುರ್ಗದಲ್ಲಿ ಇಪ್ಪತ್ತೆರಡು ಡಜನ್ ಆಗಿ ಇಳಿಯುತ್ತವೆ ಎಂದು ನನ್ನ ವಿದ್ಯಾರ್ಥಿ ಬರೆದಿದ್ದ. ಬರೆದದ್ದಷ್ಟೇ ಅಲ್ಲ, ಅದಕ್ಕೊಂದು ಕೋಷ್ಟಕ, ಕೋಷ್ಟಕದ ಕೆಳಗೆ ಬಲು ಗಂಭೀರವಾದ ಇಂಗ್ಲಿಷಿನಲ್ಲಿ ಒಂದು ವಿವರಣೆ: ಬಳೆ ವ್ಯಾಪಾರಿಗಳ ಸರಕು ಪ್ರಯಾಣದ ಹೊತ್ತಿನಲ್ಲೇ ವೃದ್ಧಿಯಾಗುತ್ತದೆ. ರಸ್ತೆ ಕೆಟ್ಟಷ್ಟೂ ವೃದ್ಧಿ ಜಾಸ್ತಿಯಂತೆ. ಓದಿ ನನ್ನ ಮೈ ಉರಿಯಿತು.

ನಾನು ರಾಯಚೂರಿನಲ್ಲಿ ವಾಣಿಜ್ಯ ವಿಷಯದ ಪ್ರಾಧ್ಯಾಪಕಿ, ಪಿಎಚ್‌ಡಿ ಮಾಡುವವರಿಗೆ ಗೈಡ್. ಹೆಸರಿಗೆ ಗೈಡ್, ಈ ಎಐ ಬಂದ ಮೇಲೆ ಮಾಡುತ್ತಿರುವುದು ಮಾತ್ರ ಪೊಲೀಸರ ಕೆಲಸ. ಯಾವ ಅಧ್ಯಾಯ ಕೈಗೆ ಬಂದರೂ ಮೊದಲು ಮೂಸಿ ನೋಡುವ ಚಟ ಹತ್ತಿದೆ. ಹೋದ ವರ್ಷ ಒಬ್ಬ ಮಹಾಶಯ ಕೊಟ್ಟ ಗ್ರಂಥಸೂಚಿಯಲ್ಲಿ ಅರ್ಧದಷ್ಟು ಪುಸ್ತಕಗಳು ಭೂಮಿಯ ಮೇಲೇ ಇರಲಿಲ್ಲ. ಅವನ ದೆಸೆಯಿಂದ ಸಂಶೋಧನಾ ಸಮಿತಿಯ ಮುಂದೆ ತಲೆ ತಗ್ಗಿಸಿ ನಿಂತವಳು ನಾನು. ಇನ್ನೊಮ್ಮೆ ಹಾಗೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ.

ಆದರೆ ಈ ಸಲ ಬರೆದವನು ಸಿದ್ರಾಮ. ಅವನು ಬಾಗಲವಾಡದ ಕುರಿ ಸಾಕುವ ಮನೆಯ ಹುಡುಗ, ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಇವನೊಬ್ಬನೇ. ಅವನ ತಾಯಿ ಯಮನಮ್ಮ ಒಮ್ಮೆ ವಿಭಾಗಕ್ಕೆ ಬಂದಿದ್ದರು. ಕುರ್ಚಿ ಕೊಟ್ಟರೂ ಕೂಡದೆ, ಮಗನನ್ನು ನಿಮ್ಮ ಕೈಗೆ ಹಾಕಿದ್ದೇನೆ ಎಂದಷ್ಟೇ ಹೇಳಿ ಹೋಗಿದ್ದರು. ಇವನೂ ಮನೆಯಲ್ಲಿ ಕೂತು ಯಂತ್ರದಿಂದ ಅಂಕಿ ಹುಟ್ಟಿಸುತ್ತಾನೆ ಎಂದರೆ ಇನ್ನು ಯಾರನ್ನು ನಂಬುವುದು?

ಅವತ್ತು ಮಧ್ಯಾಹ್ನ ಸಮಿತಿಯ ಸಭೆಯಿತ್ತು. ನಾನು ಒಂದು ಹಾಳೆ ಟೈಪ್ ಮಾಡಿ ಮೇಜಿನ ಮೇಲಿಟ್ಟುಕೊಂಡಿದ್ದೆ: ಮಾಹಿತಿಯೆಲ್ಲ ಕಟ್ಟುಕತೆ, ನೋಂದಣಿ ರದ್ದು ಮಾಡಬಹುದು. ಸಹಿಯೊಂದೇ ಬಾಕಿ. ಹಾಕುವ ಮುಂಚೆ ಮುಖಕ್ಕೆ ಮುಖ ಕೊಟ್ಟು ಕೇಳಿಬಿಡೋಣ ಎಂದು ಅವನನ್ನು ಕರೆಸಿದೆ.

ಅವನು ಬಂದು ಕುರ್ಚಿಯ ತುದಿಯಲ್ಲಿ ಕೂತ. ಮಾನ್ವಿಗೆ ನಿಜವಾಗಿ ಹೋಗಿದ್ದೆಯಾ ಎಂದು ಕೇಳಿದೆ. ಹೋಗಿದ್ದೆ ಎಂದ. ಬಿಸ್ಮಿಲ್ಲಾ ಬೀ ಎಂಬ ಬಳೆ ಮಾರುವ ಮುದುಕಿಯ ಪಕ್ಕ ದಿನಗಟ್ಟಲೆ ಕೂತಿದ್ದನಂತೆ, ಆಕೆಯ ಬುಟ್ಟಿ ಹಿಡಿದು ದೇವದುರ್ಗದ ಸಂತೆಗೂ ಬಸ್ಸಿನಲ್ಲಿ ಹೋಗಿದ್ದನಂತೆ. ಎಐ ಬಳಸಿದೆಯಾ ಎಂದರೆ ಅದನ್ನೂ ಮುಚ್ಚಿಡಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ ಮಾತನ್ನೆಲ್ಲ ಅದಕ್ಕೆ ಕೊಟ್ಟಿದ್ದ; ಅದು ಇಂಗ್ಲಿಷಿಗೆ ತಿರುಗಿಸಿ ಕೋಷ್ಟಕ ಮಾಡಿಕೊಟ್ಟಿತ್ತು. ಕೊಟ್ಟದ್ದನ್ನು ಓದಿ ನೋಡಿದೆಯಾ ಎಂದೆ. ತಲೆ ತಗ್ಗಿಸಿದ.

"ಟೋಟಲ್ ಕೂಡಿ ಬಂದಿತ್ರೀ ಮೇಡಂ. ಅಷ್ಟ ನೋಡಿದೆ."

ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಪುಸ್ತಕದ ಭಾಷೆ ಮರೆತುಹೋಗುತ್ತದೆ.

"ಬಸ್ಸಿನ್ಯಾಗ ಬಳಿ ಏನ್ ಮರಿ ಹಾಕ್ತಾವೇನೋ?" ಎಂದು ಮೇಜಿಗೆ ಕೈ ಅಪ್ಪಳಿಸಿದೆ.

ಕೈಯಲ್ಲಿದ್ದ ಹಸಿರು ಗಾಜಿನ ಬಳೆಯೊಂದು ಚೂರಾಗಿ ಆ ಹಾಳೆಯ ಮೇಲೆಲ್ಲ ಚೆಲ್ಲಿತು. ಬೈಸಿಕೊಳ್ಳುತ್ತಿದ್ದವನು ಅದನ್ನು ಮರೆತು ಎದ್ದುಬಂದು, ಚೂರು ಆರಿಸತೊಡಗಿದ.

"ಬಳಿ ಹೆಚ್ಚಿತ್ರೀ ಮೇಡಂ. ಕೈಗೆ ಚುಚ್ಚಿಲ್ಲಲ್ರೀ?"

ಇಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಏನಂದೆ ಎಂದು ಕೇಳಿದೆ. ಬಳೆ ಹೆಚ್ಚಿತು ಅಂದೆ ಎನ್ನುತ್ತಿದ್ದ ಅವನ ಮಾತೂ ಅರ್ಧಕ್ಕೇ ನಿಂತಿತು.

ನಮ್ಮ ಕಡೆ ಬಳೆ ಒಡೆಯಿತು ಎನ್ನುವುದಿಲ್ಲ. ಮುತ್ತೈದೆಯ ಕೈಗೆ ಆ ಮಾತು ತಾಗಬಾರದು ಎಂದು, ಒಡೆದರೂ ಹೆಚ್ಚಿತು ಎನ್ನುತ್ತೇವೆ. ನನ್ನ ಅಜ್ಜಿ ಅಂದದ್ದು, ಅವ್ವ ಅಂದದ್ದು, ನಾನೂ ಅನ್ನುವುದು ಅದನ್ನೇ. ಆ ಮಾತಿನ ಮೇಲೆ ಯಾರೂ ಗಮನ ಕೊಡುವುದಿಲ್ಲ, ಅಷ್ಟು ರೂಢಿ. ಆದರೆ ಯಂತ್ರಕ್ಕೆ ಅಜ್ಜಿ ಎಲ್ಲಿಂದ ಬರಬೇಕು?

ಸಿದ್ರಾಮ ಮೊಬೈಲ್ ತೆಗೆದು ರೆಕಾರ್ಡಿಂಗ್ ಹಚ್ಚಿದ. ಸಂತೆಯ ಗದ್ದಲದ ನಡುವೆ ಅವನದೇ ದನಿ, ಬಸ್ಸಿನಲ್ಲಿ ಬಳೆ ಎಷ್ಟು ಒಡೆದವು ಎಂದು ಕೇಳುತ್ತಿತ್ತು. ಹಿಂದೆಯೇ ಬಿಸ್ಮಿಲ್ಲಾ ಬೀಯ ಒಡಕು ದನಿ.

"ಒಡದ್ವು ಅನಬಾರದಪ್ಪಾ, ಹೆಣ್ಮಕ್ಕಳ ಕೈಗೆ ಹೋಗೂ ಬಳಿ ಅವು. ಹೆಚ್ಚಿದ್ವು ಅನ್ನು. ಎರಡು ಡಜನ್ ಹೆಚ್ಚಿದ್ವು ನೋಡು. ಆ ರಸ್ತಾ ಹಂಗದ. ನಸೀಬು."

ಕೊನೆಗೆ ಉದ್ದನೆಯ ನಿಟ್ಟುಸಿರು. ಸರಕು ಹೆಚ್ಚಿದ್ದಕ್ಕೆ ಯಾವ ವ್ಯಾಪಾರಿ ಹಾಗೆ ನಿಟ್ಟುಸಿರು ಬಿಡುತ್ತಾಳೆ? ಯಂತ್ರ ಇವನ ಪ್ರಶ್ನೆಯನ್ನೂ ಆಕೆ ತಿದ್ದಿದ್ದನ್ನೂ ಬೇಡದ ಹರಟೆಯೆಂದು ಬಿಟ್ಟಿತ್ತು, ನಿಟ್ಟುಸಿರನ್ನೂ ಬಿಟ್ಟಿತ್ತು, ಆ ಎರಡು ಡಜನ್ ಮಾತ್ರ ಕಳೆಯುವ ಬದಲು ಕೂಡಿಸಿತ್ತು. ಇನ್ನೂ ನಾಲ್ಕಾರು ಜನರ ಮಾತು ಕೇಳಿದೆವು. ಎಲ್ಲರೂ ಅದನ್ನೇ ಅಂದಿದ್ದರು.

ನನಗೆ ನಗು ಬಂತು. ಎಷ್ಟು ದಿನದ ಮೇಲೋ ವಿಭಾಗದ ಆ ಕೋಣೆಯಲ್ಲಿ ನಾನು ಹಾಗೆ ನಕ್ಕದ್ದು. ಸುಳ್ಳು ಬರೆಯುವವನು ಬಸ್ಸಿನಲ್ಲಿ ಬಳೆ ಹೆಚ್ಚಿಸುವುದಿಲ್ಲ. ನಂಬುವಂಥ ಅಂಕಿ ಬರೆಯುತ್ತಾನೆ. ಇಂಥ ಹುಚ್ಚು ತಪ್ಪು ಆಗಬೇಕಾದರೆ ನಿಜವಾದ ಹೆಣ್ಣುಮಗಳೊಬ್ಬಳು ನಿಜವಾಗಿ ಮಾತಾಡಿರಬೇಕು, ಇವನು ಅಲ್ಲಿ ಕೂತು ಕೇಳಿರಬೇಕು. ನನ್ನ ಹುಡುಗ ಸುಳ್ಳು ಹೇಳಿರಲಿಲ್ಲ. ಎದೆಯ ಮೇಲಿನ ಭಾರ ಇಳಿದು, ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ಎಂಬುದು ನೆನಪಾಗಿ, ಬಾಟಲಿ ಎತ್ತಿ ಗಟಗಟ ಕುಡಿದೆ.

ಹಾಗಂತ ಬಿಡಲಿಲ್ಲ. ಓದದೆ ಒಪ್ಪಿಸಿದ್ದಕ್ಕೆ ಚೆನ್ನಾಗಿಯೇ ಬೈದೆ. ಎಲ್ಲ ರೆಕಾರ್ಡಿಂಗನ್ನೂ ಅವನೇ ಕೇಳಿ, ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಬೇಕಾದರೆ ಯಂತ್ರವನ್ನು ಕೇಳಬೇಕು ಎಂದೆ. ಸಮಿತಿಯ ಪಂಪಾಪತಿ ಸರ್ ಅವರಿಗೆ ಫೋನು ಮಾಡಿ, ಅಧ್ಯಾಯ ತಿದ್ದಲು ಒಂದು ತಿಂಗಳು ಬೇಕೆಂದು ಕೇಳಿದೆ. ಏಕೆ ಎಂದರು. ಹೇಳಿದೆ. ಆ ಕಡೆ ಅವರು ನಕ್ಕು ಕೆಮ್ಮು ಹತ್ತಿ, ಎರಡು ತಿಂಗಳು ತೆಗೆದುಕೊಳ್ಳಿ ಎಂದರು. ಮುಂದಿನ ಸಂತೆಗೆ ದೇವದುರ್ಗಕ್ಕೆ ನಾನೂ ಬರುತ್ತೇನೆ, ನನ್ನ ಕೈಗೂ ಬಳೆ ಬೇಕು ಎಂದು ಸಿದ್ರಾಮನಿಗೆ ಹೇಳಿದೆ.

ಅವನು ಹೊರಡಲಿಲ್ಲ. ಬಳೆಚೂರು ಅಂಗೈಯಲ್ಲಿ ಹಿಡಿದು, ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತ ನಿಂತಿದ್ದ. ಚೂರು ಆರಿಸುವಾಗ ಓದಿಬಿಟ್ಟಿದ್ದನೆಂದು ಕಾಣುತ್ತದೆ. ಮುಖ ಬಿಳಿಚಿಕೊಂಡಿತ್ತು.

"ಮೇಡಂ, ಆ ಹಾಳಿ ಸಮಿತಿಗೆ ಕೊಡ್ತೀರೇನ್ರೀ?"

ನಾನು ಹಾಳೆಯನ್ನು ಎತ್ತಿಕೊಂಡು ಎರಡಾಗಿ ಹರಿದೆ. ಮಡಚಿ ಇನ್ನೊಮ್ಮೆ ಹರಿದೆ.

"ಯಾವ ಹಾಳಿ?" ಎಂದೆ. "ಅದು ಹೆಚ್ಚಿತು."

ಅವನು ನನ್ನ ಮುಖ ನೋಡಿದ. ಆಮೇಲೆ ಕಣ್ಣೊರೆಸಿಕೊಂಡು, ಆ ಕಾಗದದ ಚೂರುಗಳನ್ನೂ ಬಳೆಚೂರುಗಳ ಜೊತೆಗೇ ಅಂಗೈಗೆ ತುಂಬಿಕೊಂಡ.